ಕಾಲಡಿಯ ಗಣೆ

ಮಧುಗಿರಿಯ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವ ಬೋರಣ್ಣನಿಗೆ ಬೇಕಾಗಿದ್ದು ಒಂದೇ ಒಂದು ಸದ್ದು. ಅದು ಯಾವ ಸಿನಿಮಾ ಹಾಡಿನಲ್ಲೂ ಇರಲಿಲ್ಲ, ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಸಿರಾ ತಾಲ್ಲೂಕಿನ ಅಂಚಿನಲ್ಲಿದ್ದ ಅವನ ಗೊಲ್ಲರಹಟ್ಟಿಯಲ್ಲಿ, ಅವನಪ್ಪ ಕ್ಯಾತಣ್ಣನ ಎದೆಯಲ್ಲಿ ಮಾತ್ರ ಇತ್ತು. ಎಂಬತ್ತಮೂರನೇ ಇಸವಿಯ ಬೇಸಿಗೆಯ ಹೊತ್ತಿಗೆ ಅಲ್ಲೂ ಇಲ್ಲವಾಗಿತ್ತು.

ಕ್ಯಾತಣ್ಣ ಗಣೆ ಊದುವವನು. ಗಣೆಯೂ ಕೊಳಲೇ, ಆದರೆ ಕ್ಯಾಲೆಂಡರಿನ ದೇವರು ಸೊಟ್ಟಗೆ ನಿಂತು ತುಟಿಗೆ ಇಟ್ಟುಕೊಂಡಿರುವ ಗೇಣುದ್ದದ ಕೊಳಲಲ್ಲ. ಕೂತವನ ಬಾಯಿಂದ ಹೊರಟು ಮೊಣಕಾಲು ದಾಟಿ ಇಳಿಯುವ ಉದ್ದನೆಯ ಬಿದಿರು ಅದು. ಊದುವವನು ಊದುತ್ತಲೇ ಗಂಟಲೊಳಗೆ ಗುನುಗಬೇಕು. ಆಗ ಒಂದೇ ಬಿದಿರಿನಿಂದ ಎರಡು ದನಿ ಬರುತ್ತವೆ, ಯಾರೋ ದೂರದ ಹೊಲದಲ್ಲಿ ಅಳುತ್ತಿದ್ದರೆ ಇನ್ಯಾರೋ ಹತ್ತಿರ ಕೂತು ಸಮಾಧಾನ ಹೇಳಿದಂತೆ. ದೇವರ ಪದ ಹೇಳುವಾಗ ಅದಿಲ್ಲದೆ ನಡೆಯದು. ಹಟ್ಟಿಯಲ್ಲಿ ಅದನ್ನು ನೆಲಕ್ಕೆ ಇಡುವುದಿಲ್ಲ, ಅದಕ್ಕೆ ಕಾಲು ತಾಕಿಸುವುದಿಲ್ಲ. ಮಗುವಿನ ಕಾಲು ಅಪ್ಪಿತಪ್ಪಿ ತಾಕಿದರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು.

ಕಲಿಸುವ ರೀತಿಯೂ ಅವರದೇ. ಕಲಿಸುವವನು ಎದುರಿಗೆ ಕೂತು ಗಣೆಯ ಕೆಳತುದಿಗೆ ಅಂಗೈ ಒಡ್ಡುತ್ತಾನೆ. ಸದ್ದು ಕಿವಿಗೆ ಬಿದ್ದರೆ ಸಾಲದು, ಉಸಿರು ಅಂಗೈಗೆ ತಾಕಬೇಕು. ಕ್ಯಾತಣ್ಣನಿಗೆ ಅವನಪ್ಪ ಹಾಗೆ ಕಲಿಸಿದ್ದ, ಕ್ಯಾತಣ್ಣನೂ ಮಗನ ಮುಂದೆ ಹಾಗೇ ಕೈಯೊಡ್ಡಿ ಕೂತ. ಬೋರಣ್ಣ ಕೆನ್ನೆ ಉಬ್ಬಿಸಿ, ಕಣ್ಣಲ್ಲಿ ನೀರು ಬರುವ ತನಕ ಊದಿದ. ಬಿದಿರು ಬುಸ್ ಎಂದಿತೇ ಹೊರತು ಬಾಯಿ ಬಿಡಲಿಲ್ಲ. ಅವನಿಗೆ ಮೀಸೆ ಚಿಗುರುವ ತನಕವೂ ಅದು ಬುಸ್ ಅನ್ನುತ್ತಲೇ ಇತ್ತು. ಕೆಲವರಿಗೆ ಬರುವುದಿಲ್ಲ, ಅಷ್ಟೆ. ಆದರೆ ಬರುವುದಿಲ್ಲ ಎನ್ನುವುದನ್ನು ಅಪ್ಪ ಒಪ್ಪಬೇಕಲ್ಲ.

ಮಧುಗಿರಿಯ ಹಾಸ್ಟೆಲಿನಲ್ಲಿ ಓದುವಾಗ ಬೋರಣ್ಣನ ಕೈಗೆ ಗಿಟಾರ್ ಸಿಕ್ಕಿತು. ಅವನ ಬೆರಳಿಗೆ ಆ ತಂತಿಗಳು ಎಷ್ಟು ಬೇಗ ಒಗ್ಗಿದವೆಂದರೆ, ಓದು ಹಿಂದೆ ಬಿದ್ದು ಆರ್ಕೆಸ್ಟ್ರಾ ಮುಂದೆ ಬಂತು. ಒಂದು ಸಲ ಗಿಟಾರನ್ನು ಹಟ್ಟಿಗೂ ತಂದು ಅಪ್ಪನ ಮುಂದೆ ನುಡಿಸಿದ. ಕ್ಯಾತಣ್ಣ ಪೂರ್ತಿ ಕೇಳಿದ, ಸಿಟ್ಟು ಮಾಡಲಿಲ್ಲ. ಕೊನೆಗೆ, ಉಸಿರು ಕೊಡದೆ ಬರೋ ಸದ್ದು ಸದ್ದೇನ್ಲಾ ಎಂದು ಕೇಳಿ ಎದ್ದು ಕುರಿ ಕಡೆ ಹೋದ. ಬೈದಿದ್ದರೆ ಮಗ ಮರೆತುಬಿಡುತ್ತಿದ್ದ. ಈ ಮಾತು ಮಾತ್ರ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಕೊಂಡಿತು.

ಆಮೇಲೆ ಕ್ಯಾತಣ್ಣನಿಗೆ ಕಣ್ಣಿನಲ್ಲಿ ಪೊರೆ ಬಂದು ಏನೂ ಕಾಣದಾಯಿತು. ಅದರ ಬೆನ್ನಿಗೇ ಎದೆಯ ಕಾಯಿಲೆ ಹತ್ತಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಮಲಗಿದರೆ ಎದೆ ಸೀಟಿ ಹಾಕುತ್ತಿತ್ತು. ಗಣೆಯನ್ನು ತೊಲೆಗೆ ಕಟ್ಟಿ ತೂಗುಹಾಕಿದರು. ಹಟ್ಟಿಯಲ್ಲಿ ಊದುವವರು ಇನ್ಯಾರೂ ಉಳಿದಿರಲಿಲ್ಲ. ಆ ಬೇಸಿಗೆ ಬೋರಣ್ಣ ಮನೆಗೆ ಬಂದಾಗ ಅಪ್ಪ ಮಂಚದ ಮೇಲಿಂದ ಸೂರಿನಲ್ಲಿ ತೂಗುತ್ತಿದ್ದ ಗಣೆಯ ಕಡೆ ಮುಖ ಮಾಡಿ, ನನ್ ಜೊತೇಗೇ ಹೋಗ್ತೈತೆ ಬುಡು, ಎಂದ. ಬೋರಣ್ಣ ಎದ್ದು ಹೊರಗೆ ಹೋಗಿ ಬೇಲಿ ಹಿಂದೆ ನಿಂತು ಅತ್ತ.

ಅಲ್ಲಿಂದ ಸೀದಾ ಕೊರಟಗೆರೆಯ ಬಸ್ಸು ಹತ್ತಿದ.

ಕೊರಟಗೆರೆಯ ಬಸ್ ಸ್ಟ್ಯಾಂಡಿನ ಪಕ್ಕ ಲಕ್ಷ್ಮಯ್ಯನ ರೇಡಿಯೊ ರಿಪೇರಿ ಅಂಗಡಿ. ಆರ್ಕೆಸ್ಟ್ರಾದ ಆಂಪ್ಲಿಫೈಯರ್ ಕೆಟ್ಟಾಗಲೆಲ್ಲ ಹೊತ್ತು ತರುತ್ತಿದ್ದುದು ಇಲ್ಲಿಗೇ. ಲಕ್ಷ್ಮಯ್ಯ ಬಾಯಿ ಜೋರು, ಕೈ ಒಳ್ಳೆಯದು. ಗಿರಾಕಿಯ ರೇಡಿಯೊ ಬಿಚ್ಚಿದರೆ ಮೊದಲು ಗಿರಾಕಿಯನ್ನು ಬೈದು ಆಮೇಲೆ ರೇಡಿಯೊ ನೋಡುವ ಜಾತಿ. ಗಿಟಾರಿನಿಂದ ಗಣೆಯ ಸದ್ದು ಬರಬೇಕು ಎಂದು ಬೋರಣ್ಣ ಕೇಳಿದಾಗ, ಎಮ್ಮೆ ಕೈಲಿ ಜೇನು ಕೊಡಿಸು ಅಂತೀಯಲ್ಲಯ್ಯ, ಎಂದು ನಕ್ಕ. ಆದರೆ ಆ ರಾತ್ರಿ ಅವನಿಗೆ ನಿದ್ದೆ ಬಂದಿರಲಾರದು. ಮಾರನೆಯ ದಿನ ತಾನೇ ಮಧುಗಿರಿಗೆ ಹೋಗಿ, ಆಗೋದಾದ್ರೆ ಪೆಡಲಿಂದ ಆಗ್ಬೇಕು, ಎಂದ.

ಪೆಡಲ್ ಎಂದರೆ ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಸಿಕ್ಕಿಸುವ ಡಬ್ಬಿ. ಕಾಲಲ್ಲಿ ಗುಂಡಿ ತುಳಿದರೆ ತಂತಿಯ ದನಿ ಬೇರೆಯೇ ಆಗುತ್ತದೆ. ಒಂದು ಡಬ್ಬಿ ದನಿಯನ್ನು ದಪ್ಪ ಮಾಡುತ್ತದೆ, ಇನ್ನೊಂದು ಸುತ್ತಿಸಿ ಸುಳಿಯಾಗಿಸುತ್ತದೆ. ಕೊಳ್ಳಲು ಆಗ ಇಲ್ಲಿ ಸಿಗುತ್ತಿರಲಿಲ್ಲ. ಅದಕ್ಕೆ ನಮ್ಮ ಕಡೆಯ ರಿಪೇರಿಯವರು ಒಂದು ದಾರಿ ಮಾಡಿಕೊಂಡಿದ್ದರು. ಬೋರ್ಡಿನ ಮೇಲೆ ತಾಮ್ರದ ಗೆರೆಗಳು ಹೇಗೆ ಹರಿಯಬೇಕು ಎಂಬ ನಕ್ಷೆಯನ್ನು ಆಚೆಬದಿ ಕಾಣುವ ತೆಳು ಹಾಳೆಯಲ್ಲಿ ಒಬ್ಬ ಪ್ರತಿ ಎಳೆದು ಇನ್ನೊಬ್ಬನಿಗೆ ಕೊಡುತ್ತಿದ್ದ, ಅವನು ಮತ್ತೊಬ್ಬನಿಗೆ. ಕೇಳಿದವರಿಗೆ ಇಲ್ಲ ಅನ್ನಬಾರದು, ಮಾಡಿ ನೋಡಿ ಕಂಡದ್ದನ್ನು ಅಂಚಿನಲ್ಲಿ ಬರೆದು ಕೊಡಬೇಕು. ಬಸ್ ಕಂಡಕ್ಟರುಗಳ ಜೇಬಿನಲ್ಲಿ ಈ ಹಾಳೆಗಳು ಪಾವಗಡದಿಂದ ತೋವಿನಕೆರೆಯ ತನಕ ಓಡಾಡುತ್ತಿದ್ದವು. ಲಕ್ಷ್ಮಯ್ಯ ಕೇಳಿ ಕಳಿಸಿದ್ದಕ್ಕೆ ಸಿರಾದ ಅಮೀರ್‌ಜಾನ್ ಸಾಬರಿಂದ ಒಂದು ನಕ್ಷೆ ಬಂತು. ಸಾಬರು ಮೈಕ್‌ಸೆಟ್ ಇಟ್ಟುಕೊಂಡವರು, ಈ ವಿದ್ಯೆಯಲ್ಲಿ ಎಲ್ಲರಿಗಿಂತ ಹಳಬರು.

ನಕ್ಷೆ ನೋಡಿ ಲಕ್ಷ್ಮಯ್ಯನ ಜೋರು ಬಾಯಿಯೂ ಮುಚ್ಚಿತು. ಇರುವೆಗೂಡು ಒಡೆದು ಬಿಟ್ಟ ಹಾಗೆ ಗೆರೆಗಳು. ಆದರೂ ಇಬ್ಬರೂ ಹಟ ಹಿಡಿದು ಕೂತರು. ತಾಮ್ರ ಹೊದಿಸಿದ ಬೋರ್ಡಿನ ಮೇಲೆ ಲಕ್ಷ್ಮಯ್ಯನ ಹೆಂಡತಿಯ ಉಗುರು ಬಣ್ಣದಲ್ಲಿ ಗೆರೆ ಎಳೆದರು. ತಾಮ್ರ ತಿನ್ನುವ ಕೆಂಪು ನೀರಿನಲ್ಲಿ ಅದ್ದಿದರು. ಬಣ್ಣ ಮುಚ್ಚಿದಷ್ಟು ಉಳಿದು ಮಿಕ್ಕಿದ್ದು ಕರಗಿತು. ಕೈ ಡ್ರಿಲ್ಲಿನಿಂದ ತೂತು ಕೊರೆದು, ಬೆಂಗಳೂರಿನಿಂದ ತರಿಸಿದ, ಜರಿಹುಳದಂತೆ ಸಾಲುಕಾಲಿನ ಐಸಿ ಚಿಪ್‌ಗಳನ್ನು ಕೂರಿಸಿ ಬೆಸುಗೆ ಹಾಕಿದರು. ಆರ್ಕೆಸ್ಟ್ರಾ ಇಲ್ಲದ ದಿನವೆಲ್ಲ ಬೋರಣ್ಣ ಅಲ್ಲೇ ಇರುತ್ತಿದ್ದ. ಎಲ್ಲ ಮುಗಿಸಿ ಬ್ಯಾಟರಿ ಸಿಕ್ಕಿಸಿದರೆ ಒಂದು ಸದ್ದೂ ಇಲ್ಲ. ಐಸಿಗಳು ಬೆರಳಿಟ್ಟರೆ ಸುಡುವಷ್ಟು ಬಿಸಿಯಾದವು.

ಹೊಸ ಐಸಿ ತರಿಸಿದರು, ಅವೂ ಸುಟ್ಟವು. ಮತ್ತೊಂದು ಬೋರ್ಡು ಮಾಡಿದರು, ಅದರ ಹಣೆಬರಹವೂ ಅದೇ ಆಯಿತು. ಕೊನೆಗೆ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಸಿರಾಕ್ಕೆ ಹೋದರು. ಅಮೀರ್‌ಜಾನ್ ಸಾಬರು ಬೋರ್ಡು ನೋಡಿದರು, ಹಾಳೆ ನೋಡಿದರು, ತಲೆ ಮೇಲೆ ಕೈ ಇಟ್ಟುಕೊಂಡರು. ಬೋರ್ಡು ಪೂರ್ತಿ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಆಗಿ, ಐಸಿಯ ಕಾಲುಗಳಿಗೆಲ್ಲ ತಪ್ಪು ಗೆರೆ ಸೇರಿತ್ತು. ಹಾಳೆಯ ಎರಡೂ ಬದಿಗೆ ಗೆರೆ ಕಾಣುತ್ತದೆ, ಬಿಡಿಭಾಗಗಳ ಅಂಕಿಗಳೆಲ್ಲ ಬೇರೆ ಚೀಟಿಯಲ್ಲಿದ್ದವು, ಹಾಳೆಯ ಮೇಲೆ ಇದ್ದುದು ಸಾಬರ ಉರ್ದು ಬರಹ ಮಾತ್ರ. ಉರ್ದು ಓದಲು ಬಾರದ ಇಬ್ಬರಿಗೆ ಅಕ್ಷರ ಸರಿ ಬದಿಗಿದೆಯೋ ಉಲ್ಟಾ ಇದೆಯೋ ತಿಳಿಯುವುದು ಹೇಗೆ? ಹಾಳೆಯ ಬೆನ್ನನ್ನೇ ಮುಖ ಅಂದುಕೊಂಡು ಎಳೆದುಬಿಟ್ಟಿದ್ದರು. ಸಾಬರು ಬೈಯಲಿಲ್ಲ. ಚಹಾ ತರಿಸಿ, ಹಾಳೆಯ ಮುಖದ ಮೇಲೆ ದೊಡ್ಡದಾಗಿ ಒಂದು ಸೂರ್ಯನ ಚಿತ್ರ ಬರೆದು, ಇದು ನಗ್ತಾ ಇರೋ ಕಡೆ ಮೇಲಕ್ಕೆ, ಎಂದು ಹೇಳಿ ಕಳಿಸಿದರು. ನಗಲಾರದೆ ಇಬ್ಬರೂ ನಕ್ಕರು. ಮಳೆಗಾಲ ಆಗಲೇ ಅರ್ಧ ಕಳೆದಿತ್ತು, ಹಟ್ಟಿಯಿಂದ ಬರುತ್ತಿದ್ದ ಸುದ್ದಿ ಚೆನ್ನಾಗಿರಲಿಲ್ಲ.

ಮೂರನೆಯ ಬೋರ್ಡು ಮಾತಾಡಿತು. ಬೋರಣ್ಣ ದಪ್ಪ ತಂತಿ ಮೀಟಿದಾಗ ಎರಡು ದನಿ ಒಟ್ಟಿಗೆ ಎದ್ದವು. ಆದರೆ ಜೊತೆಗೆ ಸಣ್ಣಗೆ ಇಸ್ ಎನ್ನುವ ಸದ್ದೂ ಇತ್ತು. ರೇಡಿಯೊ ರಿಪೇರಿಯವನಿಗೆ ಇಸ್ ಎಂದರೆ ರೋಗ. ಜೀವಮಾನವೆಲ್ಲ ಅದನ್ನು ಓಡಿಸುವುದೇ ಅವನ ಕಸುಬು. ಲಕ್ಷ್ಮಯ್ಯ ಬೆನ್ನು ಹತ್ತಿ ಒಂದೊಂದೇ ಟ್ರಾನ್ಸಿಸ್ಟರ್ ಬದಲಿಸಿದ, ಕಂಡೆನ್ಸರ್ ಸೇರಿಸಿದ. ದನಿ ತೊಳೆದ ಗಾಜಿನಂತೆ ಚೊಕ್ಕವಾಯಿತು. ಕೇಳಿದವರೆಲ್ಲ ಭೇಷ್ ಅಂದರು. ಬೋರಣ್ಣನಿಗೆ ಮಾತ್ರ ಏನೋ ಸತ್ತುಹೋಯಿತು ಅನ್ನಿಸಿತು, ಏನು ಎಂದು ಹೇಳಲು ಬರಲಿಲ್ಲ.

ಹೇಳಿಕೊಟ್ಟದ್ದು ಅಪ್ಪನೇ. ಹಟ್ಟಿಗೆ ಹೋದ ಒಂದು ಮಧ್ಯಾಹ್ನ ಕ್ಯಾತಣ್ಣ ಮಲಗಿದ್ದ, ಎದೆ ಎಂದಿನಂತೆ ಸೀಟಿ ಹಾಕುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಬೋರಣ್ಣ ಸುಮ್ಮನೆ ಕೇಳುತ್ತಿದ್ದವನು ಎದ್ದು ನಿಂತ. ಗಣೆ ಊದುವಾಗ ಬಿದಿರಿನ ಬಾಯಲ್ಲಿ ತುಟಿಯಿಂದ ಸೋರುವ ಗಾಳಿಯ ಸದ್ದು ಇದೇ ಅಲ್ಲವೇ? ಲಕ್ಷ್ಮಯ್ಯ ರೋಗ ಎಂದು ಕಿತ್ತು ಎಸೆದದ್ದು ಅಪ್ಪನ ಉಸಿರನ್ನೇ.

ಕೊರಟಗೆರೆಗೆ ಓಡಿಬಂದು ಆ ಇಸ್ ವಾಪಸು ಬೇಕು ಎಂದಾಗ ಲಕ್ಷ್ಮಯ್ಯನಿಗೆ ರೇಗಿತು. ಇಸ್ ಅನ್ನೋ ಸೆಟ್ಟು ನನ್ನಂಗ್ಡಿಯಿಂದ ಆಚೆ ಹೋದ್ರೆ ಜನ ಮುಖಕ್ಕೆ ಉಗೀತಾರೆ ಎಂದು ಕೂಗಾಡಿದ. ವಿಷಯ ತಿಳಿದ ಮೇಲೆ ಕೆಟ್ಟ ಟ್ರಾನ್ಸಿಸ್ಟರುಗಳ ಡಬ್ಬಿಯನ್ನೇ ಮೇಜಿನ ಮೇಲೆ ಸುರಿದ. ಒಳ್ಳೆಯದನ್ನು ಆರಿಸುವ ಕೆಲಸ ಗೊತ್ತಿತ್ತು, ಕೆಟ್ಟದ್ದರಲ್ಲಿ ಬೇಕಾದ ಕೆಟ್ಟದ್ದನ್ನು ಆರಿಸುವುದು ಅವರಿಗೆ ಹೊಸದು. ಒಂದೊಂದನ್ನೇ ಹಚ್ಚಿ ಬೋರಣ್ಣ ಕಣ್ಣು ಮುಚ್ಚಿ ಕೇಳಿದ. ಒಂದು ಹಾವಿನ ಹಾಗೆ ಬುಸುಗುಟ್ಟಿತು, ಒಂದು ಹುರಿಗಡಲೆಯ ಹಾಗೆ ಚಟಪಟ ಅಂದಿತು. ಒಂದು ಉಸಿರಾಡಿತು. ತಂತಿ ಮೀಟಿದಾಗ ಎದ್ದು, ತಂತಿ ಸುಮ್ಮನಾದಾಗ ತಾನೂ ಅಡಗುವಂತೆ ಲಕ್ಷ್ಮಯ್ಯ ಅದನ್ನು ಕೂರಿಸಿದ. ಊಟದ ಡಬ್ಬಿಯೊಂದರೊಳಗೆ ಎಲ್ಲವನ್ನೂ ಜೋಡಿಸಿ, ಮುಚ್ಚಳದ ಮೇಲೆ ತುಳಿಯುವ ಗುಂಡಿ ಇಟ್ಟು ಕೊಟ್ಟ.

ಬೋರಣ್ಣ ಡಬ್ಬಿ, ಗಿಟಾರ್, ಬ್ಯಾಟರಿಯಲ್ಲಿ ನಡೆಯುವ ಸಣ್ಣ ಆಂಪ್ಲಿಫೈಯರ್, ಒಂದು ಸ್ಪೀಕರ್ ಹೊತ್ತು ಹಟ್ಟಿಗೆ ಬಂದ. ಬೇಲಿಯ ಹೊರಗೆ ಚಪ್ಪಲಿ ಬಿಟ್ಟ. ಮನೆಯೊಳಕ್ಕೆ ಹೋಗುವ ಮೊದಲು ಸರಿಯಿದೆಯೋ ಇಲ್ಲವೋ ನೋಡೋಣ ಎಂದು ಹಿಂದಿನ ಕುರಿರೊಪ್ಪದಲ್ಲಿ ಕೂತು ತಂತಿ ಸಿಕ್ಕಿಸಿದ. ತಾನು ಗಣೆ ಊದುತ್ತಿದ್ದೇನೆಂದು ಅಪ್ಪನನ್ನು ನಂಬಿಸಬೇಕೆಂಬ ಯೋಚನೆ ಅವನಿಗೆ ಇರಲಿಲ್ಲ, ಅದನ್ನಿಲ್ಲಿ ಹೇಳಲೇಬೇಕು. ಎದುರಿಗೆ ಕೂರಿಸಿ, ನೋಡಪ್ಪಾ, ಇದು ಎಲ್ಲೂ ಹೋಗಲ್ಲ, ಎಂದು ಹೇಳುವ ಆಸೆ ಮಾತ್ರ ಇತ್ತು. ಬರಿಗಾಲಲ್ಲಿ ಗುಂಡಿ ತುಳಿದು, ಅಪ್ಪ ಊದುತ್ತಿದ್ದ ದೇವರ ಪದದ ಮೊದಲ ಎಳೆಯನ್ನು ಮೀಟಿದ.

ಒಳಗಿಂದ ಅವನವ್ವ ರಂಗಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಓಡಿಬಂದಳು. ಅವಳ ಹಿಂದೆ, ಗೋಡೆ ತಡವುತ್ತ, ಎಷ್ಟೋ ದಿನದಿಂದ ಮಂಚ ಬಿಟ್ಟೇಳದ ಕ್ಯಾತಣ್ಣ. ಅವನ ಮುಖ ನೋಡಿ ಬೋರಣ್ಣನ ಕೈ ನಿಂತಿತು.

"ಬಂತೇನ್ಲಾ ಬೋರ? ನಿಂಗೆ ಬಂದ್ಬುಡ್ತೇನ್ಲಾ?" ಎಂದ ಅಪ್ಪ.

ಬೋರಣ್ಣ ಬಾಯಿ ತೆರೆದ. ರಂಗಕ್ಕ ಗಂಡನ ಬೆನ್ನ ಹಿಂದೆ ನಿಂತು, ಏನೂ ಅನ್ನಬೇಡ ಎಂದು ಕೈಯಾಡಿಸಿದಳು. ಆ ಮುಖದ ಮೇಲಿನ ಸಂತೋಷವನ್ನು ಅವಳೂ ವರ್ಷಗಳಿಂದ ಕಂಡಿರಲಿಲ್ಲ. ಹೂಂ ಎಂದಷ್ಟೇ ಬೋರಣ್ಣ ಹೇಳಿದ. ಹೇಳಿದ್ದು ಒಂದೇ ಅಕ್ಷರ, ಆಮೇಲೆ ಅದನ್ನು ವಾಪಸು ತೆಗೆದುಕೊಳ್ಳಲು ಅವನಿಗೆ ಧೈರ್ಯ ಬರಲಿಲ್ಲ.

ಕ್ಯಾತಣ್ಣ ಅಂದು ಎರಡು ಮುದ್ದೆ ಉಂಡ. ಬಂದವರಿಗೆಲ್ಲ, ನಮ್ಮ ಬೋರ ಊದ್ತಾನೆ, ಪ್ಯಾಟೇಲಿ ಗುಟ್ಟಾಗಿ ಕಲ್ತವ್ನೆ ಎಂದು ಹೇಳಿಕೊಂಡ. ಬೋರಣ್ಣ ಬಂದಾಗಲೆಲ್ಲ ಕುರಿರೊಪ್ಪದಿಂದ ನುಡಿಸಿದ, ಅಪ್ಪ ಒಳಗೆ ಮಲಗಿ ಕೇಳಿದ. ಹಟ್ಟಿಯವರಿಗೆ ನಿಜ ಗೊತ್ತಿತ್ತು, ಆದರೆ ಸಾಯುವವನ ಸಂತೋಷಕ್ಕೆ ಅಡ್ಡ ಬರುವಷ್ಟು ಕೆಟ್ಟವರು ಅಲ್ಲಿ ಯಾರೂ ಇರಲಿಲ್ಲ. ಬೋರಣ್ಣ ಪ್ರತಿಸಲವೂ ಈ ಸಲ ಹೇಳಿಬಿಡಬೇಕು ಎಂದು ಬಸ್ಸು ಹತ್ತುತ್ತಿದ್ದ, ಹೇಳದೆ ಬಸ್ಸು ಹತ್ತುತ್ತಿದ್ದ.

ಹಟ್ಟಿಯಲ್ಲಿ ಅವರೆಕಾಯಿ ಬಿಡಿಸುವ ಕಾಲ ಬಂತು. ಕ್ಯಾತಣ್ಣ ಪೂರ್ತಿ ಸೋತಿದ್ದ. ಒಂದು ಬೆಳಿಗ್ಗೆ ಮಗನನ್ನು ಕರೆಸಿ, ತೊಲೆಯ ಮೇಲಿನ ಗಣೆಯನ್ನು ತೆಗೆಸಿ, ತನ್ನ ಕೈಯಿಂದಲೇ ಅವನ ಕೈಗೆ ಕೊಟ್ಟ. ಪಕ್ಕದಲ್ಲೇ ಕೂತು ಊದು ಎಂದ. ಬೋರಣ್ಣ ಗಣೆಯನ್ನು ಅವ್ವನ ಕೈಗೆ ಕೊಟ್ಟ. ಕುರಿರೊಪ್ಪದಲ್ಲಿದ್ದ ಸಾಮಾನನ್ನೆಲ್ಲ ಸದ್ದಾಗದಂತೆ ತಂದು ಮಂಚದ ಪಕ್ಕ ಇಟ್ಟುಕೊಂಡು, ಸ್ಪೀಕರನ್ನು ಬೆನ್ನ ಹಿಂದೆ ಇರಿಸಿ, ಗುಂಡಿಯ ಮೇಲೆ ಕಾಲಿಟ್ಟು ನುಡಿಸಿದ. ಅಂದು ನುಡಿಸಿದ ಹಾಗೆ ಅವನು ಹಿಂದೆಯೂ ನುಡಿಸಿರಲಿಲ್ಲ, ಮುಂದೆಯೂ ನುಡಿಸಲಿಲ್ಲ.

ಕ್ಯಾತಣ್ಣ ಕಣ್ಣು ಮುಚ್ಚಿ ಕೇಳಿದ. ಆಮೇಲೆ ನಿಧಾನವಾಗಿ ಬಲಗೈ ಚಾಚಿದ.

ಅಂಗೈ ಮೇಲೆ ಮಾಡಿ, ಗಣೆಯ ತುದಿ ಇರಬೇಕಾದ ಜಾಗದಲ್ಲಿ ಹಿಡಿದ. ಅಲ್ಲಿ ಏನೂ ತಾಕಲಿಲ್ಲ. ಕೈ ಸ್ವಲ್ಪ ಆ ಕಡೆ ಹೋಯಿತು, ಈ ಕಡೆ ಹೋಯಿತು. ಬೋರಣ್ಣ ನುಡಿಸುತ್ತಲೇ ಇದ್ದ, ನಿಲ್ಲಿಸಿದರೆ ಎಲ್ಲ ಮುಗಿಯಿತು ಎಂದು ಅವನಿಗೆ ಗೊತ್ತಿತ್ತು. ಕೈ ಗಿಟಾರಿನ ಮರಕ್ಕೆ ತಾಕಿತು, ನಡುಗುವ ತಂತಿಗಳಿಗೆ ತಾಕಿತು. ಅಲ್ಲಿಂದ ಹೊರಟ ವೈರು ಬೆರಳಿಗೆ ಸಿಕ್ಕಿತು. ಆ ವೈರು ಹಿಡಿದು ಕೈ ಕೆಳಕ್ಕೆ ಇಳಿಯಿತು, ನೆಲದ ತನಕ, ಊಟದ ಡಬ್ಬಿಯ ತನಕ. ಡಬ್ಬಿಯ ಮೇಲೆ ಮಗನ ಬರಿಗಾಲು ಇತ್ತು.

ಸದ್ದು ನಿಂತಿತು.

ಕ್ಯಾತಣ್ಣ ಆ ಕಾಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಡಬ್ಬಿಯನ್ನು ಮುಟ್ಟಿ, ಬೆರಳುಗಳನ್ನು ತನ್ನ ಎರಡೂ ಕಣ್ಣಿಗೆ ಒತ್ತಿಕೊಂಡ. ತುಳಿದದ್ದಕ್ಕೆ ಮಗನ ಪರವಾಗಿ ಕ್ಷಮೆ ಕೇಳಿಕೊಂಡ.

"ಕಾಲ್ನಾಗೇನಪ್ಪಾ?" ಎಂದು ಕೇಳಿದ.

"ಹೂಂ ಅಪ್ಪಾ."

"ಎದೆಯಾಗಿಂದ ಅಂದ್ಕಂಡಿದ್ದೆ ಕಣಪ್ಪ."

ಲಾ ಎನ್ನಲಿಲ್ಲ, ಬೋರ ಎನ್ನಲಿಲ್ಲ. ಹೊರಗಿನವರನ್ನು ಮಾತಾಡಿಸುವಷ್ಟು ಮೆತ್ತಗೆ ಹೇಳಿ ಗೋಡೆ ಕಡೆ ತಿರುಗಿ ಮಲಗಿದ. ಬೋರಣ್ಣ ಮಂಚದ ಕಾಲಿಗೆ ಹಣೆ ಹಚ್ಚಿ ಎಷ್ಟೋ ಹೊತ್ತು ಕೂತಿದ್ದ. ಅಪ್ಪನ ಕೈ ಅವನ ತಲೆ ಮೇಲೆ ಬರಲಿಲ್ಲ. ಆ ವಾರವೇ ಕ್ಯಾತಣ್ಣ ಹೋದ. ಗಣೆಯನ್ನು ದೇವರ ಗುಡಿಸಲಿನಲ್ಲಿ ತೂಗುಹಾಕಿದರು, ಇವತ್ತಿಗೂ ಅದು ಅಲ್ಲೇ ಇದೆ.

ಬೋರಣ್ಣ ಡಬ್ಬಿಯನ್ನು ಲಕ್ಷ್ಮಯ್ಯನ ಅಂಗಡಿಯಲ್ಲಿ ಬಿಟ್ಟು, ಇದು ನನ್ನ ಕಣ್ಣಿಗೆ ಬೀಳಬಾರದು ಎಂದ. ಆರ್ಕೆಸ್ಟ್ರಾದಲ್ಲಿ ನುಡಿಸುವುದನ್ನು ಬಿಡಲಿಲ್ಲ, ಹೊಟ್ಟೆಪಾಡು ಅದೇ ಆಗಿತ್ತು. ಬರೀ ಗಿಟಾರ್ ನುಡಿಸುತ್ತಿದ್ದ, ಕಾಲು ಎರಡೂ ನೆಲದ ಮೇಲೆ. ಲಕ್ಷ್ಮಯ್ಯ ಒಂದೆರಡು ವರ್ಷ ನಕ್ಷೆಯನ್ನು ಯಾರಿಗೂ ಕೊಡಲಿಲ್ಲ. ಆದರೆ ಕೇಳಿದವರಿಗೆ ಇಲ್ಲ ಅನ್ನಬಾರದಲ್ಲ. ಪಾವಗಡದಿಂದ ಯಾರೋ ಕೇಳಿ ಕಳಿಸಿದಾಗ ಪ್ರತಿ ಎಳೆದು, ಸೂರ್ಯನ ಚಿತ್ರ ಬರೆದು, ಅಂಚಿನಲ್ಲಿ ಕನ್ನಡದಲ್ಲಿ ಒಂದು ಸಾಲು ಸೇರಿಸಿದ: ಈ ಇಸ್ ತೆಗೆಯಬೇಡಿ.

ಎಂಬತ್ತೇಳರ ನವೆಂಬರಿನಲ್ಲಿ ಬೋರಣ್ಣ ನಿಡುಗಲ್ಲಿನಲ್ಲಿ ನೆಂಟರ ಮದುವೆ ಮುಗಿಸಿಕೊಂಡು ಪಾವಗಡಕ್ಕೆ ಬಂದು ಸಿರಾ ಬಸ್ಸಿಗೆ ಕಾಯುತ್ತಿದ್ದ. ಪಕ್ಕದ ಬಯಲಿನಲ್ಲಿ ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೆ ಶಾಮಿಯಾನ ಹಾಕಿದ್ದರು. ಸಂಜೆಯ ಬಿಸಿಲು ಇನ್ನೂ ಇತ್ತು, ಹುಡುಗರು ಸೌಂಡ್ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಗಣೆ ಕೇಳಿಸಿತು. ಅದೇ ಎರಡು ದನಿ, ಅದೇ ಉಸಿರು. ಬೋರಣ್ಣನ ಕಾಲುಗಳು ತಾವಾಗಿ ಆ ಕಡೆ ನಡೆದವು.

ವೇದಿಕೆಯ ಮೇಲೆ ಯಾರೋ ಯುವಕ, ಕಾಲಡಿ ಒಂದು ಡಬ್ಬಿ, ಯಾವುದೋ ಹಾಡಿನ ನಡುವಿನ ತುಣುಕನ್ನು ಮತ್ತೆ ಮತ್ತೆ ನುಡಿಸುತ್ತಿದ್ದ. ಇದು ಯಾರ ಉಸಿರು ಎಂದು ಅವನಿಗೆ ಏನು ಗೊತ್ತು? ವೇದಿಕೆಯ ಕೆಳಗೆ ಆಳೆತ್ತರದ ಸ್ಪೀಕರ್ ಬಾಕ್ಸು, ಅದರ ಕೆಳಭಾಗದಲ್ಲಿ ಕೈ ಹಿಡಿಸುವಷ್ಟು ದುಂಡನೆಯ ತೂತು. ಅದರ ಮುಂದೆ ಬಿದ್ದಿದ್ದ ಒಣ ಎಲೆಯೊಂದು ದಪ್ಪ ತಂತಿ ಮೀಟಿದಾಗಲೆಲ್ಲ ಅಲುಗುತ್ತಿತ್ತು. ಬೋರಣ್ಣ ಅದನ್ನು ನೋಡಿದ. ಬಗ್ಗಿ ಆ ತೂತಿಗೆ ಅಂಗೈ ಒಡ್ಡಿದ.

ಗಾಳಿ ತಾಕಿತು. ಮೆತ್ತಗೆ, ಪದದ ಏರಿಳಿತಕ್ಕೆ ಸರಿಯಾಗಿ, ತುದಿಯಲ್ಲಿ ಅಂಗೈ ಹಿಡಿದು ಕೂತವನಿಗೆ ಗಣೆಯಿಂದ ತಾಕುವ ಹಾಗೇ ತಾಕಿತು.

ಅಂದು ಸ್ಪೀಕರು ಇದ್ದದ್ದು ಅವನ ಬೆನ್ನ ಹಿಂದೆ. ಅಪ್ಪನ ಕೈ ಗಾಳಿಯಲ್ಲಿ ಆ ಕಡೆ ಈ ಕಡೆ ತಡಕಾಡುತ್ತಿದ್ದಾಗ, ಅದನ್ನು ಹಿಡಿದು ಸ್ಪೀಕರಿನ ಮುಂದೆ ತಂದಿಟ್ಟಿದ್ದರೆ ಸಾಕಿತ್ತು. ಸಣ್ಣ ಸ್ಪೀಕರು, ಇಷ್ಟು ಗಾಳಿ ಬರುತ್ತಿರಲಿಲ್ಲವೇನೋ. ಒಂದಿಷ್ಟಾದರೂ ಬರುತ್ತಿತ್ತು. ಆ ಕೈಗೆ ಒಂದಿಷ್ಟು ಸಾಕಾಗುತ್ತಿತ್ತು.

ಮೇಲಿದ್ದ ಯುವಕ ಇವನನ್ನು ನೋಡಿ, ಸೌಂಡು ಬಾಗುಂದಾ ಅಣ್ಣಾ, ಚೆನ್ನಾಗೈತಾ ಎಂದು ಕೂಗಿ ಕೇಳಿದ. ಬೋರಣ್ಣ ತಲೆಯಾಡಿಸಿದ. ಯುವಕ ಮತ್ತೆ ಮೀಟಿದ. ಸ್ಟ್ಯಾಂಡಿನಲ್ಲಿ ಸಿರಾ ಬಸ್ಸು ಹಾರ್ನ್ ಹಾಕಿ ಹೊರಟುಹೋಯಿತು. ಬೋರಣ್ಣ ಮಂಡಿಯೂರಿ ಕೂತು, ತೂತಿನ ಮುಂದೆ ಹಿಡಿದ ಕೈಯನ್ನು ತೆಗೆಯದೆ ಅಳುತ್ತಿದ್ದ.